ಒಂದೇ ಬಟ್ಟಲು, ಬೇರೆ ಲೋಟ

ಒಂದು ಭಾನುವಾರ ಬೆಳಿಗ್ಗೆ ನಾವು ಚಿಕ್ಕಬಳ್ಳಾಪುರದ ಚರ್ಚೊಂದರ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದ ಮೇಷ್ಟ್ರು ಕರೆದಿದ್ದರು. ಅವರ ಹೆಂಡತಿ ತೀರಿಕೊಂಡು ಆ ವಾರಕ್ಕೆ ಒಂದು ವರ್ಷ. "ಪ್ರಾರ್ಥನೆ ಇಡಿಸಿದ್ದೀನಪ್ಪ, ಬಂದು ಹೋಗು. ನಿನಗೆ ಎಷ್ಟು ಸಲ ಊಟ ಬಡಿಸಿದ್ದಾಳೆ ಅವಳು" ಎಂದಿದ್ದರು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದು ಅಕ್ಷರ ಅಕ್ಷರಕ್ಕೂ ಮುಗ್ಗರಿಸುತ್ತಿದ್ದ ನಮ್ಮನ್ನು ಸಂಜೆ ಮನೆಗೆ ಕರೆದು ಪಾಠ ಹೇಳಿದವರು ಅವರು. ಆ ತಾಯಿ ಬಡಿಸಿದ ಮುದ್ದೆ, ಹುರುಳಿಸಾರು ನಮ್ಮ ಹೊಟ್ಟೆಯಲ್ಲಿದೆ. ಹೋಗದಿರುವುದು ಹೇಗೆ?

ಅಂದು ಪ್ರಭುಭೋಜನದ ಭಾನುವಾರವಾಗಿತ್ತು. ಅರ್ಧ ಆರಾಧನೆ ಮುಗಿದ ಮೇಲೆ ಎಲ್ಲರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುವ ಸಮಯ ಬಂತು. ಮೇಷ್ಟ್ರು ನಮ್ಮತ್ತ ತಿರುಗಿ ಬಲಗೈ ಚಾಚಿದರು. ನಮ್ಮ ಬಲಗೈಯನ್ನು ಅಂಗೈಗೆ ಅಂಗೈ ತಾಗಿಸಿ ಹಿಡಿದು, ಎಡಗೈಯಿಂದ ಅದನ್ನು ಮುಚ್ಚಿದರು. ನಾವೂ ಹಾಗೆಯೇ ಮಾಡಿದೆವು. ನಮಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಈದ್ಗಾ ಮೈದಾನದಲ್ಲಿ ನಾವು ಮಾಡುವ ಮುಸಾಫಹಾ ಥೇಟ್ ಹೀಗೆಯೇ ಇರುತ್ತದೆ.

ನಂತರ ಜನ ಸಾಲಾಗಿ ಎದ್ದು ಮುಂದೆ ಹೋಗಿ ಮೊಣಕಾಲೂರಿದರು. ಮೇಷ್ಟ್ರೂ ಹೋದರು. ಅವರ ಎಡಕ್ಕೆ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಒಬ್ಬ ವೈದ್ಯರು, ಬಲಕ್ಕೆ ನಗರಸಭೆಯ ಪೌರಕಾರ್ಮಿಕ ಹೆಂಗಸೊಬ್ಬರು. ಸಭಾಪಾಲಕರು ಬ್ರೆಡ್ಡಿನ ಸಣ್ಣ ಚೂರನ್ನು ಒಬ್ಬೊಬ್ಬರ ಅಂಗೈಯಲ್ಲಿ ಇಡುತ್ತಾ ಬಂದರು. ಹಿಂದೆಯೇ ದ್ರಾಕ್ಷಾರಸದ ಬಟ್ಟಲು ಬಂತು. ಆ ಹೆಂಗಸು ಕುಡಿದ ಬಟ್ಟಲನ್ನು ಅಂಚು ಒರೆಸಿ ಮೇಷ್ಟ್ರ ತುಟಿಗಿಟ್ಟರು. ಅವರ ತುಟಿಯಿಂದ ಅದು ವೈದ್ಯರ ತುಟಿಗೆ ಹೋಯಿತು. ನಾವು ಬೆಂಚಿನಲ್ಲೇ ಉಳಿದೆವು. ನಮ್ಮನ್ನು ಯಾರೂ ತಡೆಯಲಿಲ್ಲ, ಯಾರೂ ಕರೆಯಲೂ ಇಲ್ಲ.

ಹೊರಗೆ ಬಂದ ಮೇಲೆ ಮೇಷ್ಟ್ರು ಕೇಳಿದರು: "ಒಬ್ಬನೇ ಹಿಂದೆ ಕೂತಿದ್ದೆ, ಬೇಜಾರಾಯ್ತೇನಪ್ಪ?" ಇಲ್ಲ ಸಾರ್ ಎಂದೆವು. ನಿಜವಾಗಿಯೂ ಬೇಜಾರಾಗಿರಲಿಲ್ಲ. ಆದರೆ ಒಂದು ಮಾತು ಮನಸ್ಸಿಗೆ ಚುಚ್ಚಿಕೊಂಡಿತ್ತು. ಅದೇನೆಂದು ಶಿಡ್ಲಘಟ್ಟದ ಬಸ್ಸು ಹತ್ತಿದ ಮೇಲಷ್ಟೇ ತಿಳಿಯಿತು. ಅದನ್ನು ಹೇಳುವ ಮುನ್ನ ಈ ಊಟದ ಅರ್ಥವೇನು, ಅದು ಎಲ್ಲಿಂದ ಬಂತು ಎಂಬುದನ್ನು ನೋಡೋಣ.

ಕ್ರೈಸ್ತರು ಇದನ್ನು ಬೇರೆ ಬೇರೆ ಹೆಸರುಗಳಿಂದ ಕರೆಯುತ್ತಾರೆ. ಕನ್ನಡದ ಕಥೋಲಿಕರಿಗೆ ಇದು ಬಲಿಪೂಜೆ. ಅಲ್ಲಿ ಸ್ವೀಕರಿಸುವುದು ಪರಮಪ್ರಸಾದ. ಪ್ರಾಟೆಸ್ಟಂಟರಿಗೆ ಇದು ಪ್ರಭುಭೋಜನ ಅಥವಾ ಕರ್ತನ ರಾತ್ರಿಭೋಜನ. ಕೇರಳದ ಸಿರಿಯನ್ ಕ್ರೈಸ್ತರ ಮಾತಿನಲ್ಲಿ ಇದು ಕುರ್ಬಾನ. ಈ ಕೊನೆಯ ಹೆಸರು ಕೇಳಿದರೆ ಉರ್ದು ಓದಿದ ಯಾರಿಗೂ ಕಿವಿ ನಿಮಿರುತ್ತದೆ. ಹೀಬ್ರೂವಿನ ಕೊರ್ಬಾನ್, ಸಿರಿಯಾಕ್‌ನ ಕುರ್ಬಾನ, ನಮ್ಮ ಕುರ್ಬಾನಿ ಎಲ್ಲವೂ ಒಂದೇ ಬೇರಿನವು. "ಹತ್ತಿರವಾಗು" ಎಂಬುದು ಆ ಬೇರಿನ ಅರ್ಥ. ದೇವರಿಗೆ ಹತ್ತಿರವಾಗಲು ಕೊಡುವುದು ಕುರ್ಬಾನಿ.

ಇಂಜೀಲಿನ ಕಥೆ ಇಷ್ಟು. ಬಂಧನಕ್ಕೆ ಮುಂಚಿನ ರಾತ್ರಿ ಯೇಸು, ಅಂದರೆ ನಮ್ಮ ಹಜ್ರತ್ ಈಸಾ(ಅ), ಜೆರುಸಲೇಮಿನ ಒಂದು ಮಹಡಿಯ ಕೋಣೆಯಲ್ಲಿ ಶಿಷ್ಯರೊಂದಿಗೆ ಊಟಕ್ಕೆ ಕುಳಿತರು. ರೊಟ್ಟಿ ಎತ್ತಿಕೊಂಡು ದೇವರನ್ನು ಸ್ತುತಿಸಿ, ಮುರಿದು ಎಲ್ಲರಿಗೂ ಹಂಚಿ, ಇದು ತನ್ನ ದೇಹವೆಂದರು. ದ್ರಾಕ್ಷಾರಸದ ಬಟ್ಟಲನ್ನು ಕೊಟ್ಟು, ಇದು ಒಡಂಬಡಿಕೆಯ ರಕ್ತವೆಂದರು. ತನ್ನ ನೆನಪಿಗಾಗಿ ಹೀಗೆ ಮಾಡುತ್ತಿರಿ ಎಂದರು. ಈ ಸಂಗತಿಯ ಅತ್ಯಂತ ಹಳೆಯ ಬರಹ ಸಿಗುವುದು ನಾಲ್ಕು ಸುವಾರ್ತೆಗಳಲ್ಲಲ್ಲ. ಅವುಗಳಿಗಿಂತ ಮೊದಲೇ, ಕ್ರಿ.ಶ. 50ರ ದಶಕದಲ್ಲಿ, ಸಂತ ಪೌಲ ಗ್ರೀಸಿನ ಕೊರಿಂಥ ಪಟ್ಟಣದ ಸಭೆಗೆ ಬರೆದ ಮೊದಲ ಪತ್ರದಲ್ಲಿ. ಆ ಪತ್ರಕ್ಕೆ ಮತ್ತೆ ಬರುತ್ತೇವೆ.

ಆ ರಾತ್ರಿ ಬರಿಯ ಊಟದ ರಾತ್ರಿಯಾಗಿರಲಿಲ್ಲ. ಮೂರು ಸುವಾರ್ತೆಗಳ ಪ್ರಕಾರ ಅದು ಯಹೂದಿಗಳ ಪಸ್ಕ ಹಬ್ಬದ ಊಟ. ಯೋಹಾನನ ಸುವಾರ್ತೆ ಅದನ್ನು ಹಬ್ಬದ ಮುನ್ನಾದಿನಕ್ಕೆ ಇಡುತ್ತದೆ. ಹೇಗೇ ಇರಲಿ, ಪಸ್ಕದ ಗಾಳಿ ಆ ಕೋಣೆಯನ್ನು ತುಂಬಿತ್ತು. ಫಿರೌನನ ಗುಲಾಮಗಿರಿಯಿಂದ ಬನೀ ಇಸ್ರಾಯೀಲರನ್ನು ಹಜ್ರತ್ ಮೂಸಾ(ಅ) ಬಿಡಿಸಿಕೊಂಡು ಹೊರಟ ರಾತ್ರಿಯ ನೆನಪೇ ಪಸ್ಕ. ಅಂದು ಪ್ರತಿ ಮನೆಯೂ ಕಳಂಕವಿಲ್ಲದ ಒಂದು ಕುರಿಮರಿಯನ್ನು ಕೊಯ್ದು ಅದರ ರಕ್ತವನ್ನು ಬಾಗಿಲವಾಡಕ್ಕೆ ಹಚ್ಚಬೇಕಿತ್ತು. ಹಿಟ್ಟು ಹುಳಿಯಲು ಪುರಸೊತ್ತಿರಲಿಲ್ಲ. ಸೊಂಟ ಕಟ್ಟಿ, ಚಪ್ಪಲಿ ಮೆಟ್ಟಿ, ಕೋಲು ಹಿಡಿದು, ಹುಳಿಯಿಲ್ಲದ ರೊಟ್ಟಿಯನ್ನೂ ಕಹಿ ಸೊಪ್ಪನ್ನೂ ಅವಸರದಲ್ಲಿ ತಿಂದು ಹೊರಟರು. ಗುಲಾಮನಿಗೆ ನಿಧಾನವಾಗಿ ಉಣ್ಣುವ ಹಕ್ಕಿಲ್ಲ. ಆ ಅವಸರದ ರೊಟ್ಟಿಯನ್ನು ಯಹೂದಿಗಳು ಮೂರು ಸಾವಿರ ವರ್ಷಗಳಿಂದ ಬಿಟ್ಟಿಲ್ಲ.

ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಅಲ್ಲಿ ಕುರಿ ಕೊಯ್ಯುವ ಬಲಿ ನಿಂತಿತು. ಆಗ ಹಬ್ಬವೆಲ್ಲ ಮನೆಯ ಮೇಜಿಗೆ ಬಂತು. ಇಂದು ಯಹೂದಿ ಮನೆಗಳಲ್ಲಿ ನಡೆಯುವ ಸೇಡರ್ ಎಂಬ ಪಸ್ಕದ ಊಟದ ಕ್ರಮ ರೂಪುಗೊಂಡದ್ದು ಹೆಚ್ಚಾಗಿ ಆ ನಂತರ. ಅಲ್ಲಿ ಮನೆಯ ಎಲ್ಲಕ್ಕಿಂತ ಸಣ್ಣ ಮಗು ಎದ್ದು, ಈ ರಾತ್ರಿ ಏಕೆ ಬೇರೆ ರಾತ್ರಿಗಳಂತಲ್ಲ ಎಂದು ಕೇಳಬೇಕು. ದೊಡ್ಡವರು ಬಿಡುಗಡೆಯ ಕಥೆ ಹೇಳಬೇಕು. ಹೇಳುವಾಗ "ಅವರನ್ನು ಬಿಡಿಸಿದ" ಎನ್ನುವಂತಿಲ್ಲ, "ನಮ್ಮನ್ನು ಬಿಡಿಸಿದ" ಎನ್ನಬೇಕು. ಪ್ರತಿ ತಲೆಮಾರಿನವನೂ ತಾನೇ ಈಜಿಪ್ಟಿನಿಂದ ಹೊರಟವನೆಂದು ತಿಳಿಯಬೇಕು ಎಂಬುದು ಅವರ ನಿಯಮ.

ಈ ಬಗೆಯ ನೆನಪಿಗೆ ಹೀಬ್ರೂವಿನಲ್ಲಿ ಜಿಕ್ಕಾರೋನ್ ಎನ್ನುತ್ತಾರೆ. ನಮ್ಮ ಜಿಕ್ರ್ ಅದೇ ಬೇರಿನ ಮಾತು. ಖಾನ್‌ಖಾದಲ್ಲಿ ಕುಳಿತು ಜಿಕ್ರ್ ಮಾಡುವವನು ಹಳೆಯದನ್ನು ಜ್ಞಾಪಿಸಿಕೊಳ್ಳುತ್ತಿರುವುದಿಲ್ಲ. ನೆನೆಯುತ್ತಾ ನೆನೆಯುತ್ತಾ ಅದರ ಎದುರು ನಿಲ್ಲುತ್ತಾನೆ. "ತನ್ನ ನೆನಪಿಗಾಗಿ" ಎಂದು ಈಸಾ(ಅ) ಹೇಳಿದರೆಂದು ಕ್ರೈಸ್ತರು ನಂಬುವ ಮಾತಿನ ತೂಕವೂ ಇದೇ. ಅದು ಗೋಡೆಯ ಮೇಲಿನ ಫೋಟೋ ನೋಡುವ ನೆನಪಲ್ಲ. ಮೇಷ್ಟ್ರು ಅಂಗೈ ಚಾಚಿದಾಗ ಅವರ ಪಾಲಿಗೆ ಆ ರಾತ್ರಿ ಇಲ್ಲೇ, ಈಗಲೇ ನಡೆಯುತ್ತಿತ್ತು.

ನಮ್ಮ ನಾಲ್ಕು ತಾಲೂಕುಗಳಲ್ಲಿ ಯಹೂದಿಗಳು ಕಾಣಸಿಗುವುದಿಲ್ಲ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರ ಕಾಲದ ಅವರ ಒಂದು ಸಣ್ಣ ಸ್ಮಶಾನವಿದೆ, ಅಷ್ಟೆ. ಆದರೂ ಮೂಸಾರ ಬಿಡುಗಡೆಯ ನೆನಪು ನಮ್ಮ ಸೀಮೆಗೆ ಹೊರಗಿನದಲ್ಲ. ಪ್ರವಾದಿ(ಸ) ಮದೀನಕ್ಕೆ ಬಂದಾಗ ಅಲ್ಲಿನ ಯಹೂದಿಗಳು ಆಶೂರಾ ದಿನ ಉಪವಾಸವಿರುವುದನ್ನು ಕಂಡು ಕಾರಣ ಕೇಳಿದರು. ಅಲ್ಲಾಹನು ಮೂಸಾರನ್ನು ಪಾರು ಮಾಡಿದ ದಿನವಿದು ಎಂದು ತಿಳಿದಾಗ, ಮೂಸಾ ನಮಗೆ ಇನ್ನೂ ಹತ್ತಿರದವರೆಂದು ಹೇಳಿ ತಾವೂ ಉಪವಾಸವಿದ್ದರು ಎಂದು ಹದೀಸ್ ಹೇಳುತ್ತದೆ. ಅದೇ ಮೊಹರಮಿನ ಹತ್ತನೆಯ ದಿನವೇ ಕರ್ಬಲಾದ ದಿನ. ಗೌರಿಬಿದನೂರು ತಾಲೂಕಿನ ಅಲೀಪುರದಲ್ಲಿ ಶಿಯಾ ಬಂಧುಗಳು ಎದೆ ಬಡಿದುಕೊಂಡು ಹುಸೈನ್(ರ)ರಿಗಾಗಿ ಅಳುತ್ತಾರೆ. ದಾರಿಹೋಕರಿಗೆ ನೀರು, ಶರಬತ್ತು ಹಂಚುತ್ತಾರೆ. ಕುಡಿಯುವವನ ಜಾತಿ ಕೇಳಿ ಕೊಡುವ ಶರಬತ್ತಲ್ಲ ಅದು. ಬಾಯಾರಿ ಸತ್ತವರ ನೆನಪಿಗೆ ಬಾಯಾರಿದವರಿಗೆ ನೀರು. ನೆನಪು ಬಾಯಿಯ ಮೂಲಕ ಎದೆಗೆ ಇಳಿಯುತ್ತದೆ ಎಂಬುದನ್ನು ಮೂರು ಧರ್ಮಗಳೂ ಬಲ್ಲವು.

ಪವಿತ್ರ ಕುರ್‌ಆನಿನ ಐದನೆಯ ಅಧ್ಯಾಯಕ್ಕೆ ಹೆಸರೇ ಅಲ್ ಮಾಇದಾ, ಅಂದರೆ ಊಟ ಹರಡಿದ ಮೇಜು. ಆಕಾಶದಿಂದ ಒಂದು ಊಟದ ಮೇಜು ಇಳಿಯಲೆಂದು ಹವಾರಿಗಳು, ಅಂದರೆ ಶಿಷ್ಯರು, ಈಸಾ(ಅ)ರನ್ನು ಬೇಡುತ್ತಾರೆ. ಅವರು ಅಲ್ಲಾಹನಲ್ಲಿ ಪ್ರಾರ್ಥಿಸುತ್ತಾರೆ: ಅದು ತಮ್ಮ ಮೊದಲಿನವರಿಗೂ ಕೊನೆಯವರಿಗೂ ಈದ್ ಆಗಲಿ ಎಂದು. ಮೇಜು ಇಳಿದೇ ಇಳಿಯಿತೆಂದು ಬಹುಪಾಲು ವ್ಯಾಖ್ಯಾನಕಾರರು ಹೇಳುತ್ತಾರೆ. ಮುಜಾಹಿದ್ ಮತ್ತು ಹಸನ್ ಬಸರಿ ಅವರ ಹೆಸರಿನಲ್ಲಿ ಇಳಿಯಲಿಲ್ಲವೆಂಬ ಮಾತೂ ಬಂದಿದೆ. ಕ್ರೈಸ್ತರ ಕೊನೆಯ ಭೋಜನದ ನೆರಳು ಇಲ್ಲಿದೆಯೆಂದು ಕೆಲವು ವಿದ್ವಾಂಸರು ಬಗೆಯುತ್ತಾರೆ. ನಾವು ಅದನ್ನು ಸಾಧಿಸಲು ಹೋಗುವುದಿಲ್ಲ. ಇದೇ ಅಧ್ಯಾಯದ ಆರಂಭದಲ್ಲಿ ಗ್ರಂಥದವರ ಊಟ ನಮಗೆ ಹಲಾಲ್, ನಮ್ಮ ಊಟ ಅವರಿಗೆ ಹಲಾಲ್ ಎಂಬ ಅಪ್ಪಣೆಯಿದೆ. ನಮಗೆ ಹುರುಳಿಸಾರು ಬಡಿಸಿದ ಆ ತಾಯಿಗೆ ಈ ವಚನ ಗೊತ್ತಿತ್ತೋ ಇಲ್ಲವೋ, ಆಕೆ ಅದನ್ನು ಪಾಲಿಸಿದ್ದರು.

ಇಷ್ಟು ಹತ್ತಿರವಿದ್ದೂ ನಾವು ಆ ಮೇಜಿಗೆ ಏಕೆ ಹೋಗಲಿಲ್ಲ? ಮರ್ಯಾದೆಗಾಗಿ ಭೇದವನ್ನು ಮುಚ್ಚಿಡುವುದು ಸ್ನೇಹವಲ್ಲ. ಈಸಾ(ಅ)ರನ್ನು ಶಿಲುಬೆಗೇರಿಸಲಿಲ್ಲ ಎಂದು ನಾವು ನಂಬುತ್ತೇವೆ. ಏರಿಸಿದರೆಂಬುದೇ ಅವರ ನಂಬಿಕೆಯ ಬುನಾದಿ. ಅವರ ಮೇಜು ನಿಂತಿರುವುದು ಆ ಬುನಾದಿಯ ಮೇಲೆ. ಮದ್ಯ ನಮಗೆ ಹರಾಮ್. ಪ್ರಾಣಿಯ ರಕ್ತವೂ ಹರಾಮ್. ಯಹೂದಿಗಳಿಗೂ ರಕ್ತ ತೌರಾತಿನಲ್ಲೇ ನಿಷಿದ್ಧ. ಪ್ರಾಣ ರಕ್ತದಲ್ಲಿದೆ, ಅದು ದೇವರದ್ದು ಎಂಬುದು ಅದರ ಕಾರಣ. ಆದ್ದರಿಂದ ತನ್ನ ಮಾಂಸ ತಿನ್ನಬೇಕು, ರಕ್ತ ಕುಡಿಯಬೇಕು ಎಂಬ ಮಾತು ಅಂದಿನ ಯಹೂದಿ ಕಿವಿಗಳಿಗೂ ಸಿಡಿಲಿನಂತೆ ಬಿದ್ದಿರಬೇಕು. ಅದನ್ನು ಕೇಳಿ ಶಿಷ್ಯರಲ್ಲೇ ಅನೇಕರು ಬಿಟ್ಟುಹೋದರೆಂದು ಯೋಹಾನನ ಸುವಾರ್ತೆಯೇ ಹೇಳುತ್ತದೆ.

ಕ್ರೈಸ್ತರಲ್ಲೂ ಈ ಮಾತಿನ ಅರ್ಥಕ್ಕೆ ದೊಡ್ಡ ಜಗಳ ನಡೆದಿದೆ. ರೊಟ್ಟಿಯ ತೋರಿಕೆ ಹಾಗೆಯೇ ಉಳಿದು ಅದರ ಸತ್ತ್ವವೇ ಕ್ರಿಸ್ತನ ದೇಹವಾಗಿ ಬದಲಾಗುತ್ತದೆ ಎಂಬುದು ಕಥೋಲಿಕರ ನಂಬಿಕೆ. 1215ರ ಲ್ಯಾಟರನ್ ಮಹಾಸಭೆ ಅದಕ್ಕೆ ಶಾಸ್ತ್ರದ ಮಾತು ಕೊಟ್ಟಿತು. 1529ರಲ್ಲಿ ಜರ್ಮನಿಯ ಮಾರ್‌ಬುರ್ಗ್‌ನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಈ ಒಂದು ವಿಷಯಕ್ಕೇ ಬೇರೆಯಾದರು. ಕ್ರಿಸ್ತ ಅದರಲ್ಲಿ ನಿಜವಾಗಿ ಇದ್ದಾನೆ ಎಂದು ಒಬ್ಬರು, ಅದು ನೆನಪಿನ ಗುರುತು ಎಂದು ಇನ್ನೊಬ್ಬರು. ನಮ್ಮ ದೇಶದಲ್ಲಿ ಬೇರೆ ಬೇರೆ ಮಿಷನ್‌ಗಳು ಕಟ್ಟಿದ ಸಭೆಗಳು ಈ ಜಗಳ ಬದಿಗಿಟ್ಟು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಆದವು. 1950ರಲ್ಲಿ ಅವರು ರೂಪಿಸಿದ ಪ್ರಭುಭೋಜನದ ಕ್ರಮದಲ್ಲೇ ಆ ಎರಡು ಕೈಗಳ ಸಮಾಧಾನ ಸೇರಿತು. ಸಿರಿಯನ್ ಸಭೆಗಳ ಹಳೆಯ ಪದ್ಧತಿಯನ್ನು ನೋಡಿ ತಂದದ್ದಂತೆ.

ನಮ್ಮ ಸೀಮೆಯಲ್ಲಿ ಮೇಲಿನ ಜಗಳಕ್ಕಿಂತ ಕಠಿಣವಾದ ಇನ್ನೊಂದು ಜಗಳವಿತ್ತು. ಬಟ್ಟಲಿನಲ್ಲಿ ಏನಿದೆ ಎಂಬುದಲ್ಲ. ಬಟ್ಟಲಿಗೆ ನಮಗಿಂತ ಮುಂಚೆ ಯಾರ ತುಟಿ ತಾಗಿದೆ ಎಂಬುದು.

ಇದಕ್ಕೂ ಮೂಲ ಪೌಲನ ಆ ಪತ್ರದಲ್ಲೇ ಇದೆ. ಆಗ ಪ್ರಭುಭೋಜನವೆಂದರೆ ಒಂದು ಚೂರು ರೊಟ್ಟಿಯಲ್ಲ, ಹೊಟ್ಟೆ ತುಂಬ ಊಟ. ಕೊರಿಂಥದಲ್ಲಿ ಉಳ್ಳವರು ಮುಂಚೆ ಬಂದು ತಮ್ಮದನ್ನು ತಾವು ತಿಂದು ಕುಡಿದು ಮುಗಿಸುತ್ತಿದ್ದರು. ಇಲ್ಲದವರು ಹಸಿದೇ ಕೂರುತ್ತಿದ್ದರು. ಪೌಲ ರೇಗಿದ. ನೀವು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ, ಇಲ್ಲದವರನ್ನು ನಾಚಿಸುತ್ತೀರಿ ಎಂಬುದು ಅವನ ಬೈಗುಳದ ತಾತ್ಪರ್ಯ. ಗಮನಿಸಿ, ಅವರ ಪ್ರಾರ್ಥನೆ ತಪ್ಪಾಗಿತ್ತೆಂದು ಅವನು ಹೇಳಲಿಲ್ಲ. ಅವರ ಪಂಕ್ತಿ ತಪ್ಪಾಗಿತ್ತು.

ಇನ್ನು ನಮ್ಮ ಊರುಗಳ ಕಡೆ ನೋಡಿ. ಹದಿನೆಂಟನೆಯ ಶತಮಾನದ ಆರಂಭದಲ್ಲೇ ಫ್ರೆಂಚ್ ಜೆಸ್ವಿತ್ ಪಾದ್ರಿಗಳು ಈ ಪ್ರಾಂತ್ಯಕ್ಕೆ ಬಂದಿದ್ದರು. ಚಿನ್ನಬಳ್ಳಾಪುರ ಎಂಬ ಹೆಸರು ಅವರ ಪತ್ರಗಳಲ್ಲಿ ಬರುತ್ತದೆ. ಮೇಲುಜಾತಿಯವರು ಹತ್ತಿರ ಬರಲೆಂದು ಅವರು ಸನ್ಯಾಸಿಗಳಂತೆ ಉಟ್ಟು, ಮಾಂಸ ಬಿಟ್ಟು ಬದುಕಿದರು. ಅದಕ್ಕೆ ತೆತ್ತ ಬೆಲೆಯೂ ಇತ್ತು. ಅಸ್ಪೃಶ್ಯರೆನಿಸಿಕೊಂಡ ಕ್ರೈಸ್ತರು ಸಾಯುತ್ತಾ ಮಲಗಿದ್ದರೂ ಈ ಬಗೆಯ ಪಾದ್ರಿಗಳು ಅವರ ಗುಡಿಸಲು ಹೊಕ್ಕು ಸಂಸ್ಕಾರ ಕೊಡುತ್ತಿರಲಿಲ್ಲ. ಪುದುಚೇರಿಗೆ ಬಂದಿದ್ದ ಪೋಪರ ಪ್ರತಿನಿಧಿ 1704ರಲ್ಲಿ ಇದನ್ನು ಖಂಡಿಸಿದ. ನಲವತ್ತು ವರ್ಷ ಎಳೆದಾಡಿ, 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಕಟ್ಟಾಜ್ಞೆ ಕೊಟ್ಟರು. ಆಗ ಕಂಡುಕೊಂಡ ಪರಿಹಾರ: ಅಸ್ಪೃಶ್ಯರಿಗೆಂದೇ ಬೇರೆ ಪಾದ್ರಿಗಳು! ದೇಹ ಒಬ್ಬನದೇ, ಬಡಿಸುವ ಕೈ ಮಾತ್ರ ಬೇರೆ.

ಪ್ರಾಟೆಸ್ಟಂಟರೂ ಇದೇ ಕಲ್ಲಿಗೆ ಎಡವಿದರು. ದಕ್ಷಿಣದ ಹಲವು ಸಭೆಗಳಲ್ಲಿ ಜಾತಿಯಂತೆ ಬೇರೆ ಜಾಗ, ಬಟ್ಟಲಿಗೆ ಬರುವುದರಲ್ಲೂ ಮೇಲು ಕೀಳು. 1833ರಲ್ಲಿ ಕಲಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಪ್ರಭುವಿನ ಮೇಜಿಗೆ ಜಾತಿಯನ್ನು ತರುವಂತಿಲ್ಲ ಎಂದು ಆಜ್ಞೆ ಹೊರಡಿಸಿದಾಗ ತಂಜಾವೂರು, ಮದರಾಸುಗಳಲ್ಲಿ ಅನೇಕರು ಸಭೆಯನ್ನೇ ಬಿಟ್ಟರು. 1850ರಲ್ಲಿ ಮದರಾಸಿನ ಮಿಷನರಿಗಳು ಸೇರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಚರ್ಚಿನಲ್ಲಿ ಒಂದೇ ಬಟ್ಟಲು ಸಾಲದು, ಮನೆಯ ಊಟವನ್ನೂ ಜಾತಿ ನೋಡದೆ ಕೂಡಿ ಉಣ್ಣಲು ಒಪ್ಪದವನನ್ನು ಸಭೆಗೆ ಸೇರಿಸುವಂತಿಲ್ಲ ಎಂದರು. ಅವರಿಗೆ ಒಂದು ಗುಟ್ಟು ತಿಳಿದಿತ್ತು. ಮನುಷ್ಯ ಭಾನುವಾರ ಏನು ಬೇಕಾದರೂ ನುಂಗುತ್ತಾನೆ. ಅವನ ನಂಬಿಕೆ ಗೊತ್ತಾಗುವುದು ಸೋಮವಾರದ ತಟ್ಟೆಯಲ್ಲಿ.

ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್‌ನವರು ಸಭೆ ಕಟ್ಟಿದಾಗ, ಆಸ್ಪತ್ರೆ ತೆರೆದಾಗ ಇದೇ ಪರೀಕ್ಷೆ ಅವರ ಮುಂದಿತ್ತು. ಇಂದು ಸಿ.ಎಸ್.ಐ. ಆಸ್ಪತ್ರೆಯೆಂದು ಕರೆಯುವ ಅಲ್ಲಿ ಹುಟ್ಟಿದ ಮುಸ್ಲಿಮರು, ಒಕ್ಕಲಿಗರು, ಮಾದಿಗರು ನಮ್ಮ ಸುತ್ತ ಎಷ್ಟು ಜನ! ಒಂದೇ ಬಟ್ಟಲನ್ನು ಹೊರಗಿನವರಿಗೆ ತೆರೆದರೆ ಅದು ಆಸ್ಪತ್ರೆಯಾಗುತ್ತದೆ ಎಂದು ನಮಗೆ ಅನ್ನಿಸುವುದುಂಟು. ಆದರೆ ಕ್ರೈಸ್ತರಲ್ಲಿ ಜಾತಿ ಪೂರ್ತಿ ಹೋಯಿತೆಂದು ಮೇಷ್ಟ್ರೇ ಹೇಳುವುದಿಲ್ಲ. "ಮೇಜಿನ ಹತ್ರ ಬಿಟ್ಟಿದೀವಿ. ಮದುವೆ ಹತ್ರ ಇನ್ನೂ ಇಟ್ಕೊಂಡಿದೀವಿ" ಎಂದು ನಕ್ಕರು. ದಲಿತ ಮೂಲದ ಕ್ರೈಸ್ತರನ್ನೂ ಮುಸ್ಲಿಮರನ್ನೂ ಪರಿಶಿಷ್ಟ ಜಾತಿಯ ಪಟ್ಟಿಯ ಹೊರಗಿಟ್ಟ 1950ರ ರಾಷ್ಟ್ರಪತಿಗಳ ಆದೇಶ, ಧರ್ಮ ಬದಲಿಸಿದರೆ ಜಾತಿ ಹೋಗುತ್ತದೆ ಎಂದು ಭಾವಿಸುತ್ತದೆ. ಊರು ಹಾಗೆ ಭಾವಿಸುವುದಿಲ್ಲ.

ಈಗ ಬಸ್ಸಿನಲ್ಲಿ ನಮಗೆ ನೆನಪಾದ ಮಾತಿಗೆ ಬರೋಣ.

ಶಿಡ್ಲಘಟ್ಟದ ನಮ್ಮ ಮನೆಯ ಹಿತ್ತಿಲಲ್ಲಿ ರೇಷ್ಮೆ ಬಿಚ್ಚಾಣಿಕೆಯ ಒಲೆಗಳಿದ್ದವು. ಗೂಡಿನ ಮಾರುಕಟ್ಟೆಯಿಂದ ಅಬ್ಬಾ ಗೂಡು ತರುತ್ತಿದ್ದರು. ಕುದಿಯುವ ನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕುವ ಹೆಂಗಸರಲ್ಲಿ ಹೆಚ್ಚಿನವರು ನಮ್ಮವರು; ಒಬ್ಬಾಕೆ ಮಾತ್ರ ಊರಾಚೆಯ ಕೇರಿಯವಳು. ಅವಳ ಬೆರಳ ತುದಿಗಳು ಸದಾ ಬೆಂದು ಬೆಳ್ಳಗಾಗಿರುತ್ತಿದ್ದವು. ಹನ್ನೊಂದು ಗಂಟೆಗೆ ಎಲ್ಲರಿಗೂ ಚಹಾ. ಎಲ್ಲರ ಲೋಟಗಳೂ ಒಂದೇ ತಟ್ಟೆಯಲ್ಲಿ ಬರುತ್ತಿದ್ದವು. ಅವಳ ಲೋಟ ಹಿತ್ತಿಲ ಕಿಟಕಿಯ ಕಟ್ಟೆಯ ಮೇಲಿರುತ್ತಿತ್ತು. ಅಮ್ಮಿ ಮೇಲಿಂದ ಚಹಾ ಸುರಿಯುತ್ತಿದ್ದರು. ಕುಡಿದ ಮೇಲೆ ಅವಳೇ ತೊಳೆದು ಅಲ್ಲೇ ಬೋರಲು ಹಾಕುತ್ತಿದ್ದಳು.

ನಮ್ಮ ಮನೆಯಲ್ಲಿ ಐದು ಹೊತ್ತಿನ ನಮಾಜ್ ತಪ್ಪುತ್ತಿರಲಿಲ್ಲ. ಮಸೀದಿಯ ಸಫ್‌ನಲ್ಲಿ ನವಾಬನ ಹೆಗಲಿಗೆ ಗುಲಾಮನ ಹೆಗಲು ತಾಗಬೇಕು ಎಂದು ಅಬ್ಬಾ ಹೆಮ್ಮೆಯಿಂದ ಹೇಳುತ್ತಿದ್ದರು. ಈದ್ ದಿನ ದಸ್ತರ್‌ಖಾನ್ ಹಾಸಿ, ಒಂದೇ ತಾಟಿನ ಬಿರಿಯಾನಿಗೆ ನಾಲ್ಕು ಕೈ ಹಾಕಿ ಉಣ್ಣುತ್ತಿದ್ದೆವು. ನಮ್ಮ ಕಥೆಗಳಲ್ಲಿ ಜಾತಿಯ ಬಗ್ಗೆ ಎಷ್ಟೋ ಬರೆದಿದ್ದೇವೆ. ಬರೆದ ಜಾತಿವಂತರೆಲ್ಲ ಬೇರೆಯವರು. ಹಿತ್ತಿಲ ಕಿಟಕಿಯ ಆ ಲೋಟ ಒಂದು ಕಥೆಯಲ್ಲೂ ಬಂದಿಲ್ಲ. ಆ ಪೌರಕಾರ್ಮಿಕ ಹೆಂಗಸಿನ ತುಟಿಯಿಂದ ಬಂದ ಬಟ್ಟಲಿಗೆ ಮೇಷ್ಟ್ರು ತುಟಿ ಇಟ್ಟಾಗ ನಮ್ಮೊಳಗೆ ಏನೋ ಹಿಂದೆ ಸರಿದಿತ್ತು. ಅದು ಹರಾಮಿನ ಭಯವಾಗಿರಲಿಲ್ಲ.

ಇದು ನಮ್ಮ ಒಂದು ಮನೆಯ ಮಾತೆಂದು ಓದುಗರು ತಳ್ಳಿಹಾಕದಿರಲಿ. ನಮ್ಮ ಸೀಮೆ ಒಳ್ಳೆಯ ಪಂಕ್ತಿಗಳನ್ನು ಬಲ್ಲದು. ಚಿಂತಾಮಣಿ ತಾಲೂಕಿನ ಮುರುಗಮಲ್ಲದ ದರ್ಗಾದಲ್ಲಿ ಹಿಂದೂ ಮುಸ್ಲಿಮರು ಒಟ್ಟಿಗೆ ಹರಕೆ ಹೊರುತ್ತಾರೆ. ಕೈವಾರದ ತಾತಯ್ಯನವರ ಸನ್ನಿಧಿಯಲ್ಲಿ ಬಂದವರಿಗೆಲ್ಲ ಅನ್ನ. ಅದೇ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಕಿಟಕಿಯ ಕಟ್ಟೆಯ ಲೋಟಕ್ಕೂ ಆ ಬೆಂಕಿಗೂ ಬಹಳ ದೂರ ಎಂದು ನಮಗೆ ಅನ್ನಿಸಬಹುದು. ಆದರೆ ಒಬ್ಬ ಮನುಷ್ಯನ ಎಂಜಲು ನಮ್ಮದಕ್ಕಿಂತ ಕೀಳೆಂದು ಒಪ್ಪಿಕೊಂಡ ದಿನವೇ ಆ ದಾರಿಯ ಮೊದಲ ಮೈಲಿಗಲ್ಲು ನೆಟ್ಟಾಗಿರುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಕ್ರೈಸ್ತರ ಮೇಜೂ ಎಲ್ಲರಿಗೂ ತೆರೆದಿಲ್ಲವಲ್ಲ? ದೀಕ್ಷಾಸ್ನಾನವಾಗದವರಿಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಕಥೋಲಿಕರ ಪರಮಪ್ರಸಾದವನ್ನು ಇತರ ಕ್ರೈಸ್ತರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಹಿಂದಿನ ಬೆಂಚಿನಲ್ಲಿ ನಮ್ಮನ್ನು ಬಿಟ್ಟುಹೋದ ಆ ಪಂಕ್ತಿಗೂ, ಕಿಟಕಿಯ ಲೋಟಕ್ಕೂ ಏನು ವ್ಯತ್ಯಾಸ?

ಯಹೂದಿ ಮೂಲದಲ್ಲೇ ಇದಕ್ಕೆ ಉತ್ತರದ ಸುಳಿವಿದೆ. ಸುನ್ನತಿಯಾಗದ ಪರದೇಶಿ ಪಸ್ಕದ ಕುರಿಯನ್ನು ತಿನ್ನುವಂತಿಲ್ಲ ಎಂದು ತೌರಾತ್ ಹೇಳುತ್ತದೆ. ಆದರೆ ಒಡಂಬಡಿಕೆಗೆ ಸೇರಿದ ಪರದೇಶಿ ಹುಟ್ಟಿದ ಮನೆಯವನಿಗೆ ಸಮ. ಇಬ್ಬರಿಗೂ ಒಂದೇ ಕಾನೂನು ಎಂದೂ ಅಲ್ಲೇ ಇದೆ. ಮುಂದೆ ರೂಪುಗೊಂಡ ಸೇಡರ್ ಆರಂಭವಾಗುವುದು ಹಸಿದವರೆಲ್ಲ ಬಂದು ಉಣ್ಣಲಿ ಎಂಬ ಕರೆಯಿಂದ. ಅದನ್ನು ಶಾಸ್ತ್ರದ ಹೀಬ್ರೂವಿನಲ್ಲಿ ಅಲ್ಲ, ಬೀದಿಯ ಜನಕ್ಕೆ ತಿಳಿಯುತ್ತಿದ್ದ ಅರಾಮಿಕ್ ಮಾತಿನಲ್ಲಿ ಹೇಳುತ್ತಾರೆ. ಅಂದರೆ ನಂಬಿಕೆಯ ಊಟಕ್ಕೆ ಬಾಗಿಲಿದೆ. ಹಸಿವಿನ ಊಟಕ್ಕೆ ಬಾಗಿಲಿಲ್ಲ. ಎರಡೂ ಒಂದೇ ಮನೆಯಲ್ಲಿವೆ.

ನಮ್ಮ ಕಾಬಾದ ಊರಿಗೂ ಮುಸ್ಲಿಮೇತರರು ಹೋಗುವಂತಿಲ್ಲ. ಅದರಿಂದ ಮೇಷ್ಟ್ರಿಗೆ ಅವಮಾನವಾಯಿತೆಂದು ನಾವು ತಿಳಿಯುವುದಿಲ್ಲ. ಒಂದು ನಂಬಿಕೆಗೆ ಒಳಗೂ ಹೊರಗೂ ಇರುವುದು ಅನ್ಯಾಯವಲ್ಲ. ನಾವು ಬೆಂಚಿನಲ್ಲಿ ಉಳಿದದ್ದು ನಮ್ಮ ಶಹಾದತ್‌ನ ಕಾರಣಕ್ಕೆ. ಅದನ್ನು ನಾವೇ ಆರಿಸಿಕೊಂಡಿದ್ದೇವೆ, ಮೇಷ್ಟ್ರು ಗೌರವಿಸಿದ್ದಾರೆ. ಆ ರೇಷ್ಮೆಯ ಹೆಂಗಸು ತನ್ನ ಲೋಟವನ್ನು ಆರಿಸಿಕೊಂಡಿರಲಿಲ್ಲ. ಅವಳು ಏನು ನಂಬಿದರೂ, ಏನು ಮಾಡಿದರೂ ಅದು ಕಿಟಕಿಯಿಂದ ಒಳಗೆ ಬರುತ್ತಿರಲಿಲ್ಲ. ಬಾಗಿಲಿರುವುದು ತಪ್ಪಲ್ಲ, ಹುಟ್ಟನ್ನೇ ಬೀಗ ಮಾಡುವುದು ತಪ್ಪು. ಬಾಗಿಲು ದಾಟಿ ಬಂದವರನ್ನು ಮೇಲೆ ಕೆಳಗೆ ಕೂರಿಸುವುದು ಇನ್ನೂ ದೊಡ್ಡ ತಪ್ಪು.

ಇನ್ನೂ ಒಂದು ಮಾತಿದೆ. ಹೆದರಿದ ಮನೆ ಬಾಗಿಲನ್ನು ಬಿಗಿಯಾಗಿ ಹಾಕಿಕೊಳ್ಳುತ್ತದೆ. ಚಿಕ್ಕಬಳ್ಳಾಪುರದ ಸೂಸೈಪಾಳ್ಯದಲ್ಲಿ 160 ವರ್ಷ ಹಳೆಯದೆನ್ನುವ ಸಂತ ಜೋಸೆಫರ ದೇವಾಲಯವಿದೆ. 2021ರ ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ, ಅಲ್ಲಿನ ಸಂತ ಅಂತೋಣಿಯ ಪ್ರತಿಮೆಯನ್ನು ಯಾರೋ ಒಡೆದರು. ಅದೇ ದಿನ ಬೆಳಗಾವಿಯಲ್ಲಿ ವಿಧಾನಸಭೆ ಮತಾಂತರದ ವಿರುದ್ಧದ ಮಸೂದೆಯನ್ನು ಒಪ್ಪಿತು. ಇಂಥ ದಿನಗಳಲ್ಲೂ ಹಿಂದಿನ ಬೆಂಚಿನಲ್ಲಿ ಒಬ್ಬ ಮುಸ್ಲಿಮನಿಗೆ ಜಾಗ ಬಿಟ್ಟುಕೊಡುವುದು ಸಣ್ಣ ಸಂಗತಿಯಲ್ಲ.

ಕಿಯಾಮತ್ತಿನ ದಿನ ಅಲ್ಲಾಹನು ಮನುಷ್ಯನನ್ನು, ನಾನು ಹಸಿದಿದ್ದೆ, ನೀನು ಉಣಿಸಲಿಲ್ಲ ಎಂದು ಕೇಳುತ್ತಾನೆ ಎಂಬ ಹದೀಸ್ ಖುದ್ಸಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಿನಗೆ ಹೇಗೆ ಉಣಿಸಲಿ, ನೀನು ಲೋಕಗಳ ಒಡೆಯ ಎಂದರೆ, ನನ್ನ ಇಂಥ ದಾಸ ಹಸಿದು ಬಂದಿದ್ದ, ಅವನಿಗೆ ಉಣಿಸಿದ್ದರೆ ಅದು ನನ್ನ ಬಳಿ ಸಿಗುತ್ತಿತ್ತು ಎಂಬ ಉತ್ತರ ಬರುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುವ ಅಂತಿಮ ತೀರ್ಪಿನ ದೃಶ್ಯವೂ ಹೆಚ್ಚುಕಡಿಮೆ ಇದೇ. ರೊಟ್ಟಿಯೊಳಗೆ ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ನಮ್ಮ ಉತ್ತರವೂ ಮೇಷ್ಟ್ರ ಉತ್ತರವೂ ಬೇರೆ. ರೊಟ್ಟಿಯನ್ನು ಯಾರಿಗೆ ಕೊಡಲಿಲ್ಲ ಎಂಬ ಪ್ರಶ್ನೆಗೆ ಮಾತ್ರ ನಾವಿಬ್ಬರೂ ಒಂದೇ ಕಟಕಟೆಯಲ್ಲಿ ನಿಲ್ಲಬೇಕು.

ಆ ದಿನ ಹೊರಡುವ ಮುನ್ನ ಮೇಷ್ಟ್ರು ಇನ್ನೊಂದು ಸಂಗತಿ ಹೇಳಿದರು. ಅವರ ಸಭೆಯಲ್ಲಿ ಹುಳಿಯದ ದ್ರಾಕ್ಷಾರಸ ಬಳಸುತ್ತಾರೆ. ಅದನ್ನು ವರ್ಷಗಟ್ಟಲೆ ಮಾಡಿಕೊಡುತ್ತಿದ್ದವರು ಅವರ ಹೆಂಡತಿಯೇ. ನಂದಿ ಬೆಟ್ಟದ ತಪ್ಪಲಿನ ನಮ್ಮದೇ ಕಪ್ಪು ದ್ರಾಕ್ಷಿ, 2013ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಬೆಂಗಳೂರು ಬ್ಲೂ. ತೋಟದಿಂದ ತರಿಸಿ, ತೊಳೆದು, ಕುದಿಸಿ, ಬಟ್ಟೆಯಲ್ಲಿ ಸೋಸಿ ಇಡುತ್ತಿದ್ದರಂತೆ. "ಈಗ ಬೇರೆಯವರು ಮಾಡ್ತಾರೆ. ಇವತ್ತು ಬಾಯಿಗೆ ಇಟ್ಟಾಗ ಸಕ್ಕರೆ ಸ್ವಲ್ಪ ಹೆಚ್ಚಾಯ್ತು ಅನ್ನಿಸ್ತು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿದ್ದಿದ್ರೆ ನಿನಗೆ ಅಡುಗೆಮನೇಲಿ ಒಂದು ಲೋಟ ಕೊಟ್ಟಿರೋಳು" ಎಂದರು.

ಮನೆಗೆ ಬಂದು ಅಮ್ಮಿಯ ಹತ್ತಿರ ಕುಳಿತು ಆ ಲೋಟದ ಮಾತು ತೆಗೆದೆವು. ಒಲೆಗಳು ಆರಿ ವರ್ಷಗಳಾಗಿವೆ. ಆ ಹೆಂಗಸು ಬದುಕಿಲ್ಲ. ಅಮ್ಮಿ ತಸ್ಬೀಹ್ ನಿಲ್ಲಿಸಿ ನಮ್ಮನ್ನು ನೋಡಿದರು. "ನಿನ್ನ ದಾದಿ ಇಟ್ಟಿದ್ದು ಬೇಟಾ" ಎಂದರು. ಇನ್ನೊಂದಷ್ಟು ಮಣಿಗಳು ಸರಿದವು. "ನಾನು ತೆಗೀಲಿಲ್ಲ."

ಅಷ್ಟು ನೇರವಾಗಿ ಹೇಳುವ ಧೈರ್ಯ ನಮ್ಮ ಎಷ್ಟು ಕಥೆಗಳಲ್ಲಿದೆ? ಅಮ್ಮಿಯ ಆ ಎರಡನೆಯ ಮಾತಿನಲ್ಲಿ ತೌಬಾ ಇದೆ. ದಾದಿ ಇಟ್ಟದ್ದನ್ನು ಅಮ್ಮಿ ತೆಗೆಯಲಿಲ್ಲ. ಅಮ್ಮಿ ತೆಗೆಯದಿದ್ದುದನ್ನು ನಾವು ನಲವತ್ತು ವರ್ಷ ಕಾಣಲಿಲ್ಲ. ನಾಳೆ ನಮ್ಮ ಮಕ್ಕಳು ನಮ್ಮ ಮನೆಯ ಯಾವ ಕಿಟಕಿಯನ್ನು ತೋರಿಸಿ ಕೇಳುತ್ತಾರೋ ತಿಳಿಯದು. ಯಹೂದಿಗಳ ಮನೆಯಲ್ಲಿ ಪ್ರಶ್ನೆ ಕೇಳುವ ಕೆಲಸವನ್ನು ಸಣ್ಣ ಮಗುವಿಗೇ ಬಿಟ್ಟಿರುವುದು ಸುಮ್ಮನೆ ಅಲ್ಲ. ಮಗು ಕೇಳುವ ಮುನ್ನ ನಾವೇ ಒಮ್ಮೆ ಹಿತ್ತಿಲಿಗೆ ಹೋಗಿ ನೋಡಿ ಬರುವುದು ಒಳ್ಳೆಯದು.